ಕಾರ್ತಿಕದ ಮಳೆಯೂ ವಿನೋದವನದ ಟಿಕೆಟೂ

ದೀಪಾವಳಿಯ ಬೋನಸ್ಸು ಕೈಸೇರುವ ಕಾಲವೂ, ಊರಿನಿಂದ ನೆಂಟರು ಮಕ್ಕಳುಮರಿಗಳೊಡನೆ ಚೆನ್ನೈ ನೋಡಲು ಬರುವ ಕಾಲವೂ, ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳೇಳುವ ಕಾಲವೂ ಒಂದೇ ಆಗಿವೆ. ವರ್ಷವೆಲ್ಲ ಮಿಲ್ಲು, ಆಫೀಸು, ಹೋಟೆಲು ಎಂದು ದುಡಿದ ನಮ್ಮವರು ಒಂದು ದಿನವಾದರೂ ಹೆಂಡತಿ ಮಕ್ಕಳನ್ನು ಥೀಮ್ ಪಾರ್ಕ್ ಎಂದು ಕರೆಯುವ ವಿನೋದವನಕ್ಕೆ ಕರೆದೊಯ್ಯಬೇಕೆಂದು ಆಸೆಪಡುವುದು ಸಹಜ. "ಈ ದಿನಗಳಲ್ಲಿ ಹೋಗಬಹುದೇ?" ಎಂದು ವಾಚನಾಲಯಕ್ಕೆ ಬರುವ ಹಲವರು ಕೇಳುವುದುಂಟು. ಹೋಗಲೇಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ಮಳೆಗಾಲದಲ್ಲೂ ಬಿಸಿಲು ಬೀಳುವ ದಿನಗಳು ಬೇಕಾದಷ್ಟಿವೆ. ಯಾವ ದಿನ ಹೊರಡಬಹುದು, ಯಾವ ದಿನ ಮನೆಯಲ್ಲಿರಬೇಕು ಎಂಬುದನ್ನು ನಾವೇ ಓದಿ ನಿರ್ಧರಿಸುವಂತಾಗಬೇಕು. ಇಷ್ಟೇ ಈ ಪಾಠದ ಉದ್ದೇಶ.

1. ಎರಡು ನಾಡು, ಎರಡು ಮಳೆಗಾಲ

ನಮ್ಮ ಊರುಗಳಲ್ಲಿ ಮಳೆಗಾಲವೆಂದರೆ ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ. ನೈಋತ್ಯದ ಗಾಳಿ ಅರಬ್ಬೀ ಸಮುದ್ರದಿಂದ ನೀರನ್ನು ಹೊತ್ತು ತಂದು ಸಹ್ಯಾದ್ರಿಗೆ ಸುರಿಯುತ್ತದೆ. ಬೆಟ್ಟದ ಮರೆಯಲ್ಲಿರುವ ಚೆನ್ನೈಗೆ ಆಗ ಸಿಗುವ ಮಳೆ ಕಡಿಮೆ, ಅದೂ ಹೆಚ್ಚಾಗಿ ಸಂಜೆಯ ಹೊತ್ತು. ಊರಿನಲ್ಲಿ ಮಳೆಗಾಲ ಮುಗಿಯುತ್ತ ಬರುವ ಹೊತ್ತಿಗೆ ಇಲ್ಲಿ ನಿಜವಾದ ಮಳೆಗಾಲ ಕಾಲಿಡುತ್ತದೆ. ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸುತ್ತದೆ. ಚೆನ್ನೈಗೆ ವರ್ಷಕ್ಕೆ ಬೀಳುವ ಸುಮಾರು 140 ಸೆಂಟಿಮೀಟರ್ ಮಳೆಯಲ್ಲಿ ಅರ್ಧಕ್ಕೂ ಹೆಚ್ಚು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಮೂರು ತಿಂಗಳಲ್ಲೇ ಬೀಳುತ್ತದೆ.

ಆದುದರಿಂದ ಊರಿನ ಹಿರಿಯರು "ಮಳೆಗಾಲ ಮುಗಿಯಿತಲ್ಲ, ಈಗ ಮದರಾಸಿಗೆ ಬರುತ್ತೇವೆ" ಎಂದು ಕಾಗದ ಬರೆದರೂ, ಫೋನು ಮಾಡಿದರೂ, ಅವರ ಲೆಕ್ಕ ಅವರ ನೆಲಕ್ಕೆ ಸರಿ, ಈ ನೆಲಕ್ಕೆ ಸರಿಯಲ್ಲ. ಇದನ್ನು ಅವರಿಗೆ ಮೊದಲೇ ತಿಳಿಸುವುದು ಇಲ್ಲಿರುವವರ ಕರ್ತವ್ಯ.

2. ಕುಸಿತದಿಂದ ಚಂಡಮಾರುತಕ್ಕೆ

ಸಮುದ್ರದ ನೀರು ಬಿಸಿಯಾಗಿ ಮೇಲಿನ ಗಾಳಿ ಹಗುರವಾದಾಗ ಅಲ್ಲಿ ವಾಯುಭಾರ ಕಡಿಮೆಯಾಗುತ್ತದೆ. ಸುತ್ತಲಿನ ಗಾಳಿ ಆ ಕಡೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವ ಕಾರಣ ನೇರ ಹೋಗದೆ ಸುತ್ತುತ್ತದೆ. ಸುತ್ತುವ ವೇಗವನ್ನು ಅಳೆದು ಹವಾಮಾನ ಇಲಾಖೆಯವರು ಹೆಸರಿಡುತ್ತಾರೆ. ಗಂಟೆಗೆ 31ರಿಂದ 49 ಕಿಲೋಮೀಟರಾದರೆ ವಾಯುಭಾರ ಕುಸಿತ. 50ರಿಂದ 61ರವರೆಗೆ ತೀವ್ರ ಕುಸಿತ. 62 ದಾಟಿದರೆ ಚಂಡಮಾರುತ. 89ರಿಂದ ಮೇಲೆ ತೀವ್ರ ಚಂಡಮಾರುತ. 118ರಿಂದ ಮೇಲೆ ಅತಿ ತೀವ್ರ.

ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ. 40 ಕಿಲೋಮೀಟರ್ ಗಾಳಿಗೆ ಅಲುಗಾಡಿದ ತಗಡು 80ಕ್ಕೆ ಹಾರಿಹೋಗುವುದು ಈ ಕಾರಣದಿಂದಲೇ.

3. ನಾಲ್ಕು ಚಂಡಮಾರುತಗಳು, ನಾಲ್ಕು ತಿಳಿವಳಿಕೆ

2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಚೆನ್ನೈಯ ಮೇಲೆಯೇ ದಡ ದಾಟಿತು. ಸಾವಿರಾರು ಮರಗಳು ಉರುಳಿದವು. ವಂಡಲೂರು ಮೃಗಾಲಯದ ಕಾಡೇ ಬೋಳಾಗಿ, ಅದನ್ನು ಬಹುಕಾಲ ಮುಚ್ಚಬೇಕಾಯಿತು. ಅಂದು ಮಧ್ಯಾಹ್ನ ಚಂಡಮಾರುತದ ಕಣ್ಣು ನಗರದ ಮೇಲೆ ಹಾಯುವಾಗ ಗಾಳಿ ಸ್ವಲ್ಪ ಹೊತ್ತು ತಗ್ಗಿತು. ಆಮೇಲೆ ಎದುರು ದಿಕ್ಕಿನಿಂದ ಮತ್ತೆ ಬೀಸಿತು. ಗಾಳಿ ತಗ್ಗಿದ್ದೆಲ್ಲ ಮುಗಿದದ್ದಲ್ಲ ಎಂಬುದು ಮೊದಲನೆಯ ತಿಳಿವಳಿಕೆ.

2022ರ ಡಿಸೆಂಬರ್ 9ರ ರಾತ್ರಿ ಮಾಂಡೌಸ್ ಮಾಮಲ್ಲಪುರದ ಬಳಿ ದಡ ದಾಟಿತು. ಅಂಗವಿಕಲರು ಸಮುದ್ರದವರೆಗೆ ಹೋಗಲೆಂದು ಮರೀನಾದಲ್ಲಿ ಕಟ್ಟಿದ್ದ ಮರದ ಹಾದಿಯನ್ನು ತೆರೆದು ಎರಡು ವಾರವೂ ಆಗಿರಲಿಲ್ಲ. ಅಲೆಗಳು ಅದನ್ನು ಮುರಿದವು. ಹೊಸದಾಗಿ ಕಟ್ಟಿದ್ದು ಗಟ್ಟಿಯೇ ಎಂದು ನಂಬಿ ಸಮುದ್ರದ ಅಂಚಿಗೆ ಹೋಗಬಾರದು.

2023ರ ಡಿಸೆಂಬರ್ 5ರಂದು ಮಿಚಾಂಗ್ ದಡ ದಾಟಿದ್ದು ಆಂಧ್ರದ ಬಾಪಟ್ಲದ ಹತ್ತಿರ, ಇಲ್ಲಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿ. ಆದರೆ ಅದು ಚೆನ್ನೈಯ ಪಕ್ಕದಲ್ಲೇ ನಿಧಾನವಾಗಿ ಸಾಗಿ, 3 ಮತ್ತು 4ರಂದು ನಗರವನ್ನು ನೀರಿನಲ್ಲಿ ಮುಳುಗಿಸಿತು. ವಿಮಾನ ನಿಲ್ದಾಣವನ್ನೂ ಮುಚ್ಚಿದರು. "ಬಿರುಗಾಳಿ ಆಂಧ್ರಕ್ಕೆ ಹೋಗುತ್ತದಂತೆ, ನಮಗೇನು?" ಎಂದು ಹೇಳುವವರಿಗೆ ಈ ಒಂದು ಉದಾಹರಣೆ ಸಾಕು.

2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿಯ ಬಳಿ ದಡ ಸೇರಿತು. ಹಿಂದಿನ ದಿನಗಳಲ್ಲಿ ಅದು ಚಂಡಮಾರುತವಾಗದೆ ತೀವ್ರ ಕುಸಿತವಾಗಿಯೇ ದಡ ದಾಟೀತೆಂಬ ಮುನ್ಸೂಚನೆಯಿತ್ತು. 29ರಂದು ಅದು ಚಂಡಮಾರುತವಾಯಿತು. ಆಗ ತಮಿಳುನಾಡು ಸರಕಾರವು, ಕಡಲತೀರಗಳಿಗೂ ವಿನೋದವನಗಳಿಗೂ ಹೋಗಬೇಡಿರೆಂದು ಜನರನ್ನು ಕೇಳಿಕೊಂಡಿತು. ಪೂರ್ವ ಕರಾವಳಿ ರಸ್ತೆ ಮತ್ತು ಹಳೆ ಮಹಾಬಲಿಪುರ ರಸ್ತೆಗಳಲ್ಲಿ ಮಧ್ಯಾಹ್ನದ ಮೇಲೆ ಬಸ್ಸುಗಳನ್ನು ನಿಲ್ಲಿಸಲಾಗುವುದೆಂದು ತಿಳಿಸಿತು. ಆ ಮಳೆಯಲ್ಲಿ ಚೆನ್ನೈಯಲ್ಲಿ ವಿದ್ಯುತ್ ತಗುಲಿ ಸತ್ತವರೊಳಗೆ ಹೊಟ್ಟೆಪಾಡಿಗೆ ಹೊರರಾಜ್ಯದಿಂದ ಬಂದಿದ್ದ ಒಬ್ಬ ತರುಣ ಕಾರ್ಮಿಕನೂ ಇದ್ದನು. ನಿನ್ನೆಯ ಪತ್ರಿಕೆಯನ್ನು ನಂಬಿ ಇಂದು ಹೊರಡಬಾರದು. ಹೊರಡುವ ದಿನದ ಬೆಳಗಿನ ಪ್ರಕಟಣೆಯನ್ನು ನೋಡತಕ್ಕದ್ದು.

4. ಪಾರ್ಕಿಗೆ ಹೋಗುವ ದಾರಿ

ಇಂಜಂಬಾಕ್ಕದ ವಿ.ಜಿ.ಪಿ., ಮುಟ್ಟುಕಾಡಿನ ಎಂ.ಜಿ.ಎಂ. ಎರಡೂ ಪೂರ್ವ ಕರಾವಳಿ ರಸ್ತೆಯಲ್ಲಿವೆ. ಬಿಡದಿಯ ವಂಡರ್‌ಲಾವನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ; ಅದೇ ಸಂಸ್ಥೆಯವರು 2025ರ ಡಿಸೆಂಬರ್ ಆರಂಭದಲ್ಲಿ ತಿರುಪ್ಪೋರೂರು ಬಳಿಯ ಇಳ್ಳಲೂರಿನಲ್ಲಿ ಹೊಸ ಪಾರ್ಕನ್ನು ತೆರೆದರು. ಲಂಕೆಯಲ್ಲಿ ಅಪಾರ ಹಾನಿ ಮಾಡಿ ಬಂದ ದಿತ್ವಾ ಚಂಡಮಾರುತದ ಶೇಷವು ಆ ದಿನಗಳಲ್ಲೇ ಚೆನ್ನೈಯ ಮೇಲೆ ಮಳೆ ಸುರಿಸಿ, ಶಾಲೆಗಳಿಗೆ ರಜೆ ಕೊಡಿಸಿತು. ಶಾಲೆಗೆ ರಜೆ ಸಿಕ್ಕಿದ ದಿನವೇ ಪಾರ್ಕಿಗೆ ಹೋಗೋಣವೆಂದು ಮಕ್ಕಳು ಹಟ ಹಿಡಿಯುವುದುಂಟು. ಆ ರಜೆ ಆಟಕ್ಕೆಂದು ಕೊಟ್ಟದ್ದಲ್ಲ, ಮನೆಯಲ್ಲಿರಲೆಂದು ಕೊಟ್ಟದ್ದು. ಇದನ್ನು ಮಕ್ಕಳಿಗೆ ತಿಳಿಯಹೇಳಬೇಕು.

ಈ ರಸ್ತೆಗಳ ನೆಲದ ಗುಣವನ್ನು ಅರಿಯುವುದು ಅಗತ್ಯ. ಕರಾವಳಿ ರಸ್ತೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬಕಿಂಗ್‌ಹ್ಯಾಂ ಕಾಲುವೆ. ನಗರದ ದಕ್ಷಿಣ ಭಾಗದ ಕೆರೆಗಳ ನೀರು ಪಳ್ಳಿಕರಣೆಯ ಜೌಗಿಗೆ ಬಂದು, ಒಕ್ಕಿಯಂ ಮಡುವಿನ ಮೂಲಕ ಕಾಲುವೆ ಸೇರಿ, ಕೋವಳಂ ಅಳಿವೆಯಲ್ಲಿ ಸಮುದ್ರಕ್ಕೆ ಹೋಗಬೇಕು. ಚಂಡಮಾರುತದಲ್ಲಿ ಸಮುದ್ರವೇ ಉಬ್ಬಿ ನಿಂತರೆ ಒಳನಾಡಿನ ನೀರಿಗೆ ಹೊರದಾರಿಯಿಲ್ಲ. ಬೆಳಿಗ್ಗೆ ಒಣಗಿದ್ದ ರಸ್ತೆ ಸಂಜೆಗೆ ಮೊಣಕಾಲುದ್ದ ನೀರಾಗುವುದು ಹೀಗೆ. ಹೋಗುವಾಗ ಬಸ್ಸು ಸಿಕ್ಕಿತೆಂದು ಬರುವಾಗಲೂ ಸಿಗುತ್ತದೆಂಬ ಭರವಸೆಯಿಲ್ಲ.

ಮಳೆಯ ಅಳತೆಯನ್ನೂ ಕಣ್ಣಿಗೆ ಕಾಣುವಂತೆ ಲೆಕ್ಕ ಹಾಕೋಣ. ಮೂವತ್ತು ನಲವತ್ತರ ಸೈಟೆಂದರೆ ಸುಮಾರು 111 ಚದರ ಮೀಟರ್. ಅದರ ಮೇಲೆ 10 ಸೆಂಟಿಮೀಟರ್ ಮಳೆ ಬಿದ್ದರೆ 11,100 ಲೀಟರ್ ನೀರು. ಅಂದರೆ ಹೆಚ್ಚುಕಡಮೆ ಒಂದು ದೊಡ್ಡ ಟ್ಯಾಂಕರ್ ಲಾರಿ. ಪ್ರತಿಯೊಂದು ಸೈಟಿನ ಮೇಲೂ ಒಂದೊಂದು ಲಾರಿ ನೀರು ಸುರಿದಂತೆ ಭಾವಿಸಿರಿ.

5. ಪಾರ್ಕಿನ ಒಳಗೆ

ಎತ್ತರದ ಆಟಗಳಿಗೆ ಗಾಳಿಯ ಮಿತಿಯೊಂದಿರುತ್ತದೆ. ಯಂತ್ರ ತಯಾರಿಸಿದವರೇ ಅದನ್ನು ಗೊತ್ತುಮಾಡಿರುತ್ತಾರೆ; ಗಾಳಿ ಆ ಮಿತಿಯನ್ನು ಮುಟ್ಟಿದರೆ ಆಟ ನಿಲ್ಲಿಸಬೇಕು. ಗುಡುಗು ಸಿಡಿಲು ಬಂದರೆ ನೀರಿನ ಕೊಳಗಳಿಂದ ಜನರನ್ನು ಹೊರಗೆ ಕರೆಯುತ್ತಾರೆ. ಆಗ ನೌಕರರೊಡನೆ "ದುಡ್ಡು ಕೊಟ್ಟಿಲ್ಲವೇ?" ಎಂದು ಜಗಳಕ್ಕೆ ನಿಲ್ಲುವವರನ್ನು ಕಾಣುತ್ತೇವೆ. ಆ ನೌಕರನೂ ನಮ್ಮಂತೆ ಸಂಬಳಕ್ಕೆ ದುಡಿಯುವವನು. ಆಟ ನಿಲ್ಲಿಸಿ ಅವನು ಮಾಡುತ್ತಿರುವುದು ನಮ್ಮ ಮಕ್ಕಳ ರಕ್ಷಣೆ.

2025ರ ಮೇ ತಿಂಗಳಲ್ಲಿ ಕರಾವಳಿ ರಸ್ತೆಯ ಒಂದು ಪಾರ್ಕಿನಲ್ಲಿ ಎತ್ತರದ ಆಟವೊಂದು ಕೆಟ್ಟು ನಿಂತು, ಮೂವತ್ತಕ್ಕೂ ಹೆಚ್ಚು ಜನ ಗಂಟೆಗಟ್ಟಲೆ ಮೇಲೆಯೇ ಸಿಕ್ಕಿಕೊಂಡರು. ಅಗ್ನಿಶಾಮಕ ದಳದವರು ಯಂತ್ರದ ಏಣಿ ತಂದು ಇಳಿಸಿದರು. ಅಂದು ಚಂಡಮಾರುತವಿರಲಿಲ್ಲ. ಬಿರುಗಾಳಿಯಲ್ಲಿ ಅಂಥ ಏಣಿಯನ್ನು ಮೇಲೆತ್ತುವುದೇ ಕಷ್ಟವಾಗುತ್ತದೆಂಬುದನ್ನು ನಾವು ಯೋಚಿಸಬೇಕು.

ಸಿಡಿಲಿಗೆ ಒಂದು ಸುಲಭ ಲೆಕ್ಕವಿದೆ. ಮಿಂಚು ಕಂಡೊಡನೆ ಎಣಿಸಲಾರಂಭಿಸಿರಿ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರೊಳಗೇ ಇದೆ; ಕೂಡಲೇ ಗಟ್ಟಿ ಕಟ್ಟಡದೊಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಹೊರಬರಬೇಕು. ಮರದ ಕೆಳಗೆ, ತಗಡಿನ ಚಪ್ಪರದ ಕೆಳಗೆ ನಿಲ್ಲಬಾರದು. ನಿಂತ ನೀರಿನಲ್ಲಿರುವ ದೀಪದ ಕಂಬವನ್ನು, ವಿದ್ಯುತ್ ಪೆಟ್ಟಿಗೆಯನ್ನು ಮುಟ್ಟಬಾರದು. ಅವುಗಳ ಹತ್ತಿರ ಸುಳಿಯಲೂಬಾರದು.

6. ಪ್ರಕಟಣೆಯನ್ನು ಓದುವ ಕ್ರಮ

ನುಂಗಂಬಾಕ್ಕದಲ್ಲಿರುವ ಪ್ರಾದೇಶಿಕ ಹವಾಮಾನ ಕೇಂದ್ರದವರು ಜಿಲ್ಲೆವಾರು ಎಚ್ಚರಿಕೆ ಪ್ರಕಟಿಸುತ್ತಾರೆ. ಹಸಿರು ಎಂದರೆ ಎಚ್ಚರಿಕೆಯಿಲ್ಲ. ಹಳದಿ ಎಂದರೆ ಗಮನವಿಡಿ. ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಚೆನ್ನೈಗೆ ಮಾತ್ರ ನೋಡಿದರೆ ಸಾಲದು. ಮುಟ್ಟುಕಾಡು, ತಿರುಪ್ಪೋರೂರುಗಳು ಚೆಂಗಲ್ಪಟ್ಟು ಜಿಲ್ಲೆಗೆ ಸೇರಿದವು. ಅದನ್ನೂ ನೋಡಬೇಕು.

ತಮಿಳು ಓದಲು ಬಾರದವರು ರೇಡಿಯೋ, ಟೀವಿಗಳಲ್ಲಿ ಕೇಳಿಬರುವ ಈ ಮಾತುಗಳನ್ನು ಕಲಿತುಕೊಂಡರೆ ಉಪಯೋಗವಾದೀತು:

ಪುಯಲ್ — ಚಂಡಮಾರುತ.
ಕಾಟ್ರಳುತ್ತ ತಾಳ್ವು — ವಾಯುಭಾರ ಕುಸಿತ.
ಕನಮಳೈ — ಭಾರಿ ಮಳೆ (ದಿನಕ್ಕೆ ಸುಮಾರು 6.5ರಿಂದ 11.5 ಸೆಂಟಿಮೀಟರ್).
ಮಿಗ ಕನಮಳೈ — ಅತಿ ಭಾರಿ ಮಳೆ (ಸುಮಾರು 20 ಸೆಂಟಿಮೀಟರಿನವರೆಗೆ).
ಅದಿ ಕನಮಳೈ — ಅದಕ್ಕೂ ಮೀರಿದ ಮಳೆ.
ಕರೈಯೈ ಕಡಕ್ಕುಂ — ದಡ ದಾಟುತ್ತದೆ.
ವಿಡುಮುರೈ — ರಜೆ.
ಎಚ್ಚರಿಕ್ಕೈ ಕೂಂಡು — ಬಂದರಿನಲ್ಲಿ ಏರಿಸುವ ಎಚ್ಚರಿಕೆಯ ಗುರುತು.

ಕೊನೆಯದಕ್ಕೆ ನಂಬರುಗಳಿವೆ. 1 ಮತ್ತು 2 ಎಂದರೆ ಅಪಾಯ ದೂರ ಸಮುದ್ರದಲ್ಲಿದೆ. 3 ಮತ್ತು 4 ಎಂದರೆ ಬಂದರಿಗೂ ತಟ್ಟಬಹುದು. 5ರಿಂದ 7 ಅಪಾಯ. 8ರಿಂದ 10 ಮಹಾ ಅಪಾಯ. 11 ಎಂದರೆ ಹವಾಮಾನ ಕೇಂದ್ರದೊಡನೆ ಸಂಪರ್ಕವೇ ಕಡಿದುಹೋಗಿದೆ ಎಂದರ್ಥ.

ತೊಂದರೆಯಾದರೆ ಚೆನ್ನೈ ಕಾರ್ಪೊರೇಷನ್ನಿನ 1913, ರಾಜ್ಯದ 1070, ಜಿಲ್ಲೆಯ 1077 ನಂಬರುಗಳಿಗೆ ಫೋನು ಮಾಡಬಹುದು. ಇವನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುವುದು ಒಳ್ಳೆಯದು.

7. ಹಣದ ಮಾತು

ಎಚ್ಚರಿಕೆ ತಿಳಿದೂ ಜನ ಹೊರಡುವುದೇಕೆ? ಮುಂಗಡ ಕೊಟ್ಟ ಟಿಕೆಟಿನ ಹಣ ವ್ಯರ್ಥವಾಗುತ್ತದಲ್ಲ ಎಂಬ ಸಂಕಟದಿಂದ. ನಾಲ್ವರ ಸಂಸಾರಕ್ಕೆ ಟಿಕೆಟು, ಊಟ, ಬಸ್ಸು ಸೇರಿ ಕೆಲವು ಸಾವಿರ ರೂಪಾಯಿ. ನಮ್ಮಂಥವರಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಕೊಟ್ಟ ಹಣ ಹೋದರೂ ಹೋಯಿತು, ಹೊರಟರೂ ಹೋಯಿತು. ಹೊರಟದ್ದರಿಂದ ಅದು ಮರಳುವುದಿಲ್ಲ. ಗಾಳಿಗೆ ಆಟಗಳು ನಿಂತಿದ್ದರೆ ದಾರಿಯ ಖರ್ಚೂ ಅದರ ಜೊತೆಗೆ ಸೇರುತ್ತದೆ.

ಈ ಸಂಕಟ ಬಾರದಂತೆ ಮೊದಲೇ ಮಾಡಬಹುದಾದುದಿದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಹಳ ಮುಂಚಿತವಾಗಿ ಟಿಕೆಟು ಕೊಳ್ಳದಿರುವುದು ಮೇಲು. ಕೊಳ್ಳುವುದಾದರೆ ದಿನ ಬದಲಿಸಲು ಅವಕಾಶವಿದೆಯೇ, ಮಳೆಯಿಂದ ಆಟ ನಿಂತರೆ ಏನು ಮಾಡುತ್ತಾರೆ ಎಂಬುದನ್ನು ಹಣ ಕಟ್ಟುವ ಮೊದಲು ಕೇಳಿ, ನಿಯಮವನ್ನು ಓದಬೇಕು. ಹತ್ತಾರು ಮಂದಿ ಕೂಡಿ ವ್ಯಾನು ಗೊತ್ತುಮಾಡುವಾಗಲೂ ಇದೇ ಮಾತು. ಸಾಧ್ಯವಾದರೆ ಪ್ರವಾಸವನ್ನು ಸಂಕ್ರಾಂತಿಯ ರಜೆಗೆ ಇಟ್ಟುಕೊಳ್ಳಿರಿ. ಜನವರಿಯ ಹೊತ್ತಿಗೆ ಮಳೆ ಸಾಮಾನ್ಯವಾಗಿ ಹಿಂದೆಗೆದಿರುತ್ತದೆ, ಬಿಸಿಲೂ ಹಿತವಾಗಿರುತ್ತದೆ.

1964ರ ಡಿಸೆಂಬರ್ 22ರ ರಾತ್ರಿ ಪಾಂಬನ್ನಿನಿಂದ ಧನುಷ್ಕೋಟಿಗೆ ಹೊರಟಿದ್ದ ಪ್ಯಾಸೆಂಜರ್ ರೈಲನ್ನು ಚಂಡಮಾರುತದ ಅಲೆ ನುಂಗಿತು; ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನ ಬದುಕಲಿಲ್ಲ. ಅವರಿಗೆ ಇಂದಿನಂತೆ ಗಂಟೆಗಂಟೆಗೂ ಬರುವ ಸುದ್ದಿಯಿರಲಿಲ್ಲ. ನಮಗೆ ಅದು ಕಿಸೆಯಲ್ಲಿರುವ ಫೋನಿಗೇ ಬರುತ್ತದೆ. ಬಂದ ಸುದ್ದಿಯನ್ನು ಓದುವ, ಓದಿದ್ದನ್ನು ನಡೆಸುವ ಹೊಣೆ ಮಾತ್ರ ನಮ್ಮದು.

ಅಭ್ಯಾಸ

1. ನಿಮ್ಮ ಊರಿನ ಮಳೆಗಾಲಕ್ಕೂ ಚೆನ್ನೈಯ ಮಳೆಗಾಲಕ್ಕೂ ಇರುವ ವ್ಯತ್ಯಾಸವನ್ನು ಊರಿಗೊಂದು ಕಾಗದದ ರೂಪದಲ್ಲಿ ಬರೆಯಿರಿ.
2. ಮಿಂಚು ಕಂಡು 12 ಎಣಿಸಿದಾಗ ಗುಡುಗು ಕೇಳಿಸಿತು. ಸಿಡಿಲು ಎಷ್ಟು ದೂರದಲ್ಲಿದೆ? ಏನು ಮಾಡಬೇಕು?
3. ನಿಮ್ಮ ಮನೆಯ ಮಹಡಿಯ ಉದ್ದಗಲ ಅಳೆದು, 20 ಸೆಂಟಿಮೀಟರ್ ಮಳೆಗೆ ಅದರ ಮೇಲೆ ಎಷ್ಟು ಲೀಟರ್ ನೀರು ಬೀಳುತ್ತದೆಂದು ಲೆಕ್ಕ ಹಾಕಿರಿ.
4. ಇಂದಿನ ತಮಿಳು ಪತ್ರಿಕೆಯ ಹವಾಮಾನದ ಸುದ್ದಿಯನ್ನು ವಾಚನಾಲಯದಲ್ಲಿ ತಮಿಳು ಬಲ್ಲವರಿಂದ ಓದಿಸಿ, ಮೇಲಿನ ಮಾತುಗಳಲ್ಲಿ ಎಷ್ಟು ಬಂದಿವೆ ಎಂದು ಗುರುತಿಸಿರಿ.