ಶಾಲೆಯ ಪ್ರಾರ್ಥನೆಯೂ ಮಗುವಿನ ಅಂತಃಸಾಕ್ಷಿಯೂ

ಸೋದರಿ,

ಅಮೆರಿಕದ ಸರ್ಕಾರಿ ಶಾಲೆಯೊಂದರಲ್ಲಿ ಓದುತ್ತಿರುವ ನಿಮ್ಮ ಮಗನು, ಪ್ರತಿದಿನ ಬೆಳಗ್ಗೆ ಉಪಾಧ್ಯಾಯಿನಿಯು ಹೇಳಿಸುವ ಕ್ರೈಸ್ತ ಪ್ರಾರ್ಥನೆಯ ವೇಳೆಯಲ್ಲಿ ದನಿಯಿಲ್ಲದೆ ತುಟಿಯನ್ನಷ್ಟೇ ಆಡಿಸುತ್ತ ನಿಲ್ಲುವನೆಂದೂ, ಆಕ್ಷೇಪಿಸಿದರೆ ಆಶ್ರಯವಿತ್ತ ದೇಶಕ್ಕೆ ಕೃತಘ್ನರಾದಂತಾಗುವುದೋ ಎಂಬ ಸಂಕೋಚವು ನಿಮ್ಮನ್ನು ಬಾಧಿಸುತ್ತಿರುವುದೆಂದೂ ಬರೆದಿರುವಿರಿ. ಸಂಕೋಚಕ್ಕೆ ಕಾರಣವಿಲ್ಲ, ಆ ದೇಶದ ಸಂವಿಧಾನವೇ ನಿಮ್ಮ ಪಕ್ಷದಲ್ಲಿದೆ. ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಮಂಡಲಿಯು ರಚಿಸಿದ್ದ, ಯಾವ ಪಂಥದ ಹೆಸರನ್ನೂ ಎತ್ತದ 22 ಪದಗಳ ಪ್ರಾರ್ಥನೆಯನ್ನು ಸಹ, ಒಲ್ಲದ ಮಕ್ಕಳು ಸುಮ್ಮನಿರಬಹುದೆಂಬ ವಿನಾಯಿತಿಯಿದ್ದಾಗ್ಯೂ, ಪ್ರಾರ್ಥನೆಗಳನ್ನು ರಚಿಸಿಕೊಡುವುದು ಸರ್ಕಾರದ ಕಾರ್ಯವಲ್ಲವೆಂಬ ಕಾರಣದಿಂದ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ಅಸಾಂವಿಧಾನಿಕವೆಂದು ಸಾರಿತು. ಮೊಕದ್ದಮೆ ಹೂಡಿದವರಲ್ಲಿ ಯೆಹೂದ್ಯ ಪಾಲಕರೂ ಇದ್ದರು. ಆ ತೀರ್ಪನ್ನು ದೈವದ್ವೇಷವೆಂದು ಹಳಿಯುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಆದರೆ ವ್ಯಕ್ತಿಯ ಸ್ವಂತ ಪ್ರಾರ್ಥನೆಗೆ ಅಲ್ಲಿ ತಡೆಯಿಲ್ಲ. ಅಮೆರಿಕನ್ ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ಮೈದಾನದಲ್ಲಿ ಮಂಡಿಯೂರಿ ಪ್ರಾರ್ಥಿಸಿದ ಬ್ರೆಮರ್ಟನ್ ಎಂಬ ಊರಿನ ಶಾಲಾ ತರಬೇತುದಾರನ ಹಕ್ಕನ್ನು ಅದೇ ನ್ಯಾಯಾಲಯವು 2022ರಲ್ಲಿ ಎತ್ತಿಹಿಡಿಯಿತು. ನಿಮ್ಮ ಮಗನೂ ಊಟಕ್ಕೆ ಮುನ್ನ ಕಣ್ಮುಚ್ಚಿ ಶ್ಲೋಕ ಹೇಳಿಕೊಳ್ಳಬಹುದು.

ಮೊದಲು ಉಪಾಧ್ಯಾಯಿನಿಯನ್ನು ಏಕಾಂತದಲ್ಲಿ ಕಂಡು ವಿನಯದಿಂದ ಮಾತನಾಡಿರಿ. ಫಲಿಸದಿದ್ದರೆ, ನಡೆದುದನ್ನು ದಿನಾಂಕಸಹಿತ ಬರೆದು ಪ್ರಾಂಶುಪಾಲರಿಗೆ ಸಲ್ಲಿಸಿರಿ. ವಿನಾಯಿತಿಯಿದ್ದರೂ ಅಂಥ ಪ್ರಾರ್ಥನೆಯು ಅಸಾಂವಿಧಾನಿಕವೇ ಆದುದರಿಂದ, ಮಗುವನ್ನು ಮಾತ್ರ ಆ ಹೊತ್ತಿನಲ್ಲಿ ಹೊರಗೆ ನಿಲ್ಲಿಸುವ ಏರ್ಪಾಡಿಗೆ ದಯವಿಟ್ಟು ಒಪ್ಪಬೇಡಿರಿ.