ಸಿರಿತನ: ದೇವರ ವರವೋ, ತೊಡಕೋ?



ನೆರೆಯವರ ಮಗನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿ ಹೊಸ ಮನೆ ಎದ್ದಿತೆಂದರೆ, "ದೇವರು ಆಶೀರ್ವದಿಸಿದ್ದಾರೆ" ಎನ್ನುತ್ತೇವೆ. ಸರಿಯೇ. ಅದೇ ಬೀದಿಯಲ್ಲಿ ಅಂಗಡಿ ಮುಚ್ಚಿ ಸಾಲದಲ್ಲಿ ಬಿದ್ದವರ ಬಗ್ಗೆ ಏನನ್ನುತ್ತೇವೆ? ಅವರ ಪ್ರಾರ್ಥನೆ ಸಾಲದೆಂದೇ?

ಈ ವಿಷಯದಲ್ಲಿ ಬೈಬಲ್ ಒಂದೇ ಮಾತು ಹೇಳುವುದಿಲ್ಲ. ಅಬ್ರಹಾಮನ ಕುರಿದನ, ಬೆಳ್ಳಿಬಂಗಾರ ದೇವರ ಕೊಡುಗೆಯೆಂದೇ ಆದಿಕಾಂಡ ಕಾಣುತ್ತದೆ. ಆಜ್ಞೆ ಪಾಲಿಸುವವರ ಹೊಲಕ್ಕೂ ಕಣಜಕ್ಕೂ ಆಶೀರ್ವಾದವುಂಟೆಂದು ಧರ್ಮೋಪದೇಶಕಾಂಡದ 28ನೇ ಅಧ್ಯಾಯ ಹೇಳುತ್ತದೆ. ಇಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡವರು ಯೋಬನ ಗೆಳೆಯರು: ಬೂದಿಯಲ್ಲಿ ಕುಳಿತಿದ್ದಾನೆಂದರೆ ಇವನು ಪಾಪ ಮಾಡಿರಲೇಬೇಕು! ಕಡೆಗೆ ಯೋಬನಿಗೆ ಸಂಪತ್ತು ಇಮ್ಮಡಿಯಾಗಿ ಮರಳಿತು, ನಿಜ. ಆದರೆ ಅದಕ್ಕೆ ಮೊದಲೇ, ಅವನಿನ್ನೂ ಬರಿಗೈಯಲ್ಲಿರುವಾಗಲೇ, ಗೆಳೆಯರು ಆಡಿದ್ದು ಸರಿಯಲ್ಲವೆಂದು ದೇವರು ತೀರ್ಪಿತ್ತರು. ಈ ಕ್ರಮವನ್ನು ಗಮನಿಸಿ. ಪ್ರವಾದಿ ಆಮೋಸನಂತೂ ಇನ್ನೂ ನೇರ. ಒಂದು ಜೊತೆ ಕೆರಕ್ಕಾಗಿ ಬಡವನನ್ನು ಮಾರುವವರ ಐಶ್ವರ್ಯದಲ್ಲಿ ಅವನಿಗೆ ಆಶೀರ್ವಾದ ಕಾಣಲಿಲ್ಲ.

ಶುಭಸಂದೇಶದಲ್ಲಿ ಸಂತ ಲೂಕರು ಇಬ್ಬರು ಧನಿಕರನ್ನು ಹತ್ತಿರ ಹತ್ತಿರ ನಿಲ್ಲಿಸಿದ್ದಾರೆ. 18ನೇ ಅಧ್ಯಾಯದ ಅಧಿಕಾರಿ ಬಾಲ್ಯದಿಂದಲೂ ಆಜ್ಞೆಗಳನ್ನು ಪಾಲಿಸಿದವನು. ಎಲ್ಲವನ್ನೂ ಮಾರಿ ಬಡವರಿಗೆ ಹಂಚುವ ಕರೆ ಬಂದಾಗ ಖಿನ್ನನಾದ. 19ನೇ ಅಧ್ಯಾಯದಲ್ಲಿ ಜೆರಿಕೋವಿನ ಜಕ್ಕಾಯ ಅರ್ಧ ಆಸ್ತಿ ಕೊಡುತ್ತೇನೆಂದ. ಅವನ ಮನೆಗೆ ಅಂದೇ ರಕ್ಷಣೆ ಬಂತೆಂದು ಯೇಸುಸ್ವಾಮಿ ಸಾರಿದರು. ಒಬ್ಬನಿಗೆ ಪೂರ್ತಿ, ಇನ್ನೊಬ್ಬನಿಗೆ ಅರ್ಧ. ಇದೇನು, ರಿಯಾಯಿತಿಯೇ?

ಅಲ್ಲ. ಮೋಸದಿಂದ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದೂ ಜಕ್ಕಾಯ ಹೇಳಿದ. ತಪ್ಪೊಪ್ಪಿಕೊಂಡವನು ಅಸಲಿನೊಂದಿಗೆ ಐದರಲ್ಲೊಂದು ಪಾಲು ಸೇರಿಸಿ ಕೊಡಬೇಕೆಂಬುದು ಸಂಖ್ಯಾಕಾಂಡದ 5ನೇ ಅಧ್ಯಾಯದ ನಿಯಮ. ನಾಲ್ಕರಷ್ಟು ಎಂಬುದು ಕುರಿ ಕದ್ದು ಕೊಯ್ದವನಿಗೆ ವಿಮೋಚನಾಕಾಂಡ ವಿಧಿಸಿದ ದಂಡ. ಲೆಕ್ಕ ಹಾಕಿ: 100 ನಾಣ್ಯಕ್ಕೆ 120 ಕೊಟ್ಟರೆ ಸಾಕೆಂಬಲ್ಲಿ ಅವನು 400 ಕೊಡಲು ಮುಂದಾದ! ತನ್ನನ್ನು ಕಳ್ಳರ ಸಾಲಿಗೇ ಸೇರಿಸಿಕೊಂಡ. ದಾನ ಬೇರೆ, ಬಾಕಿ ತೀರಿಸುವುದು ಬೇರೆ ಎಂಬುದು ಅವನಿಗೆ ತಿಳಿದಿತ್ತು. ಹಬ್ಬಕ್ಕೆ ದೊಡ್ಡ ಕಾಣಿಕೆಯಿತ್ತು, ತೋಟದ ಆಳುಗಳ ಕೂಲಿ ಮಾತ್ರ ಉಳಿಸಿಕೊಳ್ಳುವವರು ನಮ್ಮಲ್ಲಿಲ್ಲವೇ? ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಾಕೋಬರ ಪತ್ರ ಎಚ್ಚರಿಸುತ್ತದೆ.

ಜ್ಞಾನೋಕ್ತಿಗಳ 30ನೇ ಅಧ್ಯಾಯದಲ್ಲಿ ಒಂದು ಅಪರೂಪದ ಪ್ರಾರ್ಥನೆಯಿದೆ. ಪ್ರಾರ್ಥಿಸುವವನು ಸಿರಿಯನ್ನೂ ಬೇಡುವುದಿಲ್ಲ, ಬಡತನವನ್ನೂ ಬೇಡುವುದಿಲ್ಲ. ಹೊಟ್ಟೆ ತುಂಬಿದರೆ ದೇವರನ್ನು ಮರೆತೇನು, ಹಸಿದರೆ ಕದ್ದೇನು ಎಂದು ಅವನಿಗೆ ಎರಡು ಕಡೆಯಿಂದಲೂ ಭಯ. ಈ ವಾರ ರಾತ್ರಿ ಜಪಸರದ ನಂತರ ಮನೆಮಂದಿಯೆಲ್ಲ ಕುಳಿತು 8, 9ನೇ ವಚನಗಳನ್ನು ಓದಿ. ನಮ್ಮ ಮನೆಗೆ ಎಷ್ಟಿದ್ದರೆ ಸಾಕೆಂದು ಮಕ್ಕಳನ್ನು ಕೇಳಿ. ಅವರು ಹೇಳಿ ಮುಗಿಸಿದ ಮೇಲೆ ನೀವೂ ಹೇಳಬೇಕಾಗುತ್ತದೆ.