ಬರೆದಿಟ್ಟ ಹೊತ್ತು, ನಡೆದ ಹೊತ್ತು

ತಮ್ಮಾ, ಸೊಸೈಟಿಯ ಕಂಪ್ಯೂಟರ್ ಮುಂದೆ ಕೂಡುವ ಕೆಲಸ ನಿನಗೆ ಸಿಕ್ಕಿದೆ, ಸಂತೋಷ. ರೈತರ ಬೆಳೆಸಾಲ, ಹಾಲಿನ ಲೆಕ್ಕ, ವಿಧವೆಯರ ಠೇವಣಿ ಎಲ್ಲ ಅದರೊಳಗಿವೆ. ರಾತ್ರಿ 2ಕ್ಕೆ ಬ್ಯಾಕಪ್ ಆಗಲಿ ಎಂದು ಬರೆದಿಟ್ಟು ನಿಶ್ಚಿಂತನಾಗಬೇಡ. ಬರೆದಿಟ್ಟ ಹೊತ್ತು ಬೇರೆ, ನಡೆದ ಹೊತ್ತು ಬೇರೆ.

ಮೊದಲು ಕರೆಂಟ್ ನೋಡು. ಬೈಲಹೊಂಗಲದ ಕಡೆ ವೈಶಾಖದ ಅಡ್ಡಮಳೆ ಬಂತೆಂದರೆ ಗಾಳಿಗೆ ಲೈನ್ ಹೋಗುತ್ತದೆ. ಯುಪಿಎಸ್ ಬೆಳತನಕ ತಾಳುವುದಿಲ್ಲ. ಬಿಲ್ ಉಳಿಸಲು ಸಂಜೆ ಯಂತ್ರ ಆರಿಸಿ ಹೋಗುವವರೂ ಇದ್ದಾರೆ. ಲಿನಕ್ಸ್‌ನ ಕ್ರಾನ್ ಎಂಬ ವೇಳಾಪಟ್ಟಿಯ ಸೇವೆ, ತಪ್ಪಿದ ಕೆಲಸವನ್ನು ಮತ್ತೆ ಮಾಡುವುದಿಲ್ಲ. ಅದಕ್ಕೆ ಅನಾಕ್ರಾನ್ ಬೇಕು. ವಿಂಡೋಸ್‌ನಲ್ಲಿ, ತಪ್ಪಿದ್ದನ್ನು ಆದಷ್ಟು ಬೇಗ ಮಾಡು ಎಂಬ ಆಯ್ಕೆಗೆ ನೀನೇ ಗುರುತು ಹಾಕಬೇಕು. ಲ್ಯಾಪ್‌ಟಾಪ್ ಬ್ಯಾಟರಿ ಮೇಲಿದ್ದರೆ ಕೆಲಸ ಶುರುವಾಗದಂತೆ ಅಲ್ಲಿ ಮೊದಲೇ ಕಟ್ಟಿಟ್ಟಿರುತ್ತದೆ, ಅದನ್ನೂ ನೋಡು.

ಆಮೇಲೆ ಗಡಿಯಾರ. ಒಳಗಿನ ಬಿಲ್ಲೆಯಂಥ ಬ್ಯಾಟರಿ ಸತ್ತರೆ ಯಂತ್ರಕ್ಕೆ ತಾರೀಖೇ ಮರೆಯುತ್ತದೆ. ಬಾಡಿಗೆಯ ಸರ್ವರ್ ಬಹಳ ಸಲ ಯುಟಿಸಿ ಕಾಲದಲ್ಲಿರುತ್ತದೆ. ನಮ್ಮ ಕಾಲ ಅದಕ್ಕಿಂತ ಐದೂವರೆ ತಾಸು ಮುಂದು. ಅಲ್ಲಿ 2 ಎಂದು ಬರೆದರೆ ನಮ್ಮಲ್ಲಿ ಬೆಳಿಗ್ಗೆ 7.30. ಡೈರಿಯಲ್ಲಿ ಹಾಲು ಅಳೆಯುವ ಹೊತ್ತಿಗೇ ಬ್ಯಾಕಪ್ ಶುರುವಾಗಿ ಯಂತ್ರ ಜಗ್ಗುತ್ತದೆ.

ದಿನದ ಲೆಕ್ಕ ಮುಗಿಯದೆ ಬ್ಯಾಕಪ್ ತೆಗೆದರೆ ಅರ್ಧ ಲೆಕ್ಕದ ಪ್ರತಿ ಸಿಕ್ಕೀತು. ಮಾರ್ಚ್ 31ರಂದು ವರ್ಷದ ಲೆಕ್ಕ ಮಧ್ಯರಾತ್ರಿ ದಾಟುತ್ತದೆ. ಆ ದಿನ ಬ್ಯಾಕಪ್ ವೇಳೆಯನ್ನು ಮುಂದಕ್ಕೆ ಹಾಕು. ಬದಲಾದದ್ದನ್ನಷ್ಟೇ ನಕಲು ಮಾಡುವುದು ಬೇಗ ಮುಗಿಯುತ್ತದೆ, ಪೂರ್ತಿ ನಕಲಿಗೆ ತಾಸುಗಟ್ಟಲೆ ಬೇಕು. ಅದನ್ನು ಶನಿವಾರ ರಾತ್ರಿಗೆ ಇಡು, ರವಿವಾರದ ಬಿಡುವು ಸಿಗುತ್ತದೆ. ಪಾಸ್‌ವರ್ಡ್ ಬದಲಿಸಿದ ದಿನ, ಆ ಬಳಕೆದಾರನ ಹೆಸರಿನಲ್ಲಿ ನಡೆಯುವ ಬ್ಯಾಕಪ್‌ಗೂ ಹೊಸದನ್ನು ಕೊಡು. ಇಲ್ಲದಿದ್ದರೆ ಅದು ಸದ್ದಿಲ್ಲದೆ ನಿಲ್ಲುತ್ತದೆ.

ಮೊಬೈಲ್ ನೆಟ್‌ವರ್ಕ್ ಮೇಲೆ ದೂರದ ಸರ್ವರ್‌ಗೆ ಕಳಿಸುವವನಾದರೆ ಊರಿನ ಪಂಚಾಂಗವನ್ನೂ ನೋಡು. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಲಕ್ಷಾಂತರ ಜನ ಬರುತ್ತಾರೆ. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ. ಜನ ಸೇರಿದಲ್ಲಿ ನೆಟ್‌ವರ್ಕ್ ನಿಧಾನವಾಗುತ್ತದೆ, ಅಂಥ ದಿನ ಕಳಿಸುವ ವೇಳೆಯನ್ನು ನಸುಕಿಗೆ ಇಡು.

ಪ್ರತಿಯನ್ನು ದೂರ ಇಡುವುದು ಏಕೆಂದು ರಾಮದುರ್ಗದವರು ಬಲ್ಲರು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ನೀರು ಬಿಟ್ಟಾಗ ಮಲಪ್ರಭೆ ಉಕ್ಕಿ ಆ ತಾಲೂಕಿನ ಹಳ್ಳಿಗಳಿಗೆ ನುಗ್ಗಿದಳು. ಯಂತ್ರ ಮತ್ತು ಅದರ ಪ್ರತಿ ಒಂದೇ ಕೋಣೆಯಲ್ಲಿದ್ದರೆ ಎರಡೂ ನೀರುಪಾಲು.

ಆದ್ದರಿಂದ ದಿನಾ ಬೆಳಿಗ್ಗೆ, ಮೊದಲ ರೈತ ಕೌಂಟರಿಗೆ ಬರುವ ಮುಂಚೆ, ಬ್ಯಾಕಪ್ ಶುರುವಾದ ವೇಳೆ, ಮುಗಿದ ವೇಳೆ, ಕಡತದ ಗಾತ್ರ ಮೂರನ್ನೂ ಒಂದು ವಹಿಯಲ್ಲಿ ಕೈಯಾರೆ ಬರೆ. ಗಾತ್ರ ದಿಢೀರನೆ ತಗ್ಗಿದರೆ ಅಂದೇ ಕಾರಣ ಹುಡುಕು. ತಿಂಗಳಿಗೊಮ್ಮೆ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು, ಯಾವುದಾದರೂ ಒಂದು ಖಾತೆಯ ಬಾಕಿ ತಾಳೆ ನೋಡು. ಓದಿಲ್ಲದ ರೈತ ತನ್ನ ಲೆಕ್ಕ ಸರಿಯಿದೆ ಎಂದು ನಂಬುವುದು ನಿನ್ನ ಮುಖ ನೋಡಿಯೇ.